ಮದ್ದಿನ ಮನೆಗೆ ಮಳೆಗಾಲ ಬಂದಾಗ

ಮಿರ್ಜಾನ್ ಕೋಟೆ ಮಳೆಗಾಲದಲ್ಲೇ ಚೆಂದ. ಗೋಡೆ ತುಂಬ ಪಾಚಿ, ಅಂಗಳ ತುಂಬ ಹುಲ್ಲು. ಆದರೆ ಕೋಟೆಯಲ್ಲಿ ಸೈನಿಕರಿದ್ದ ಕಾಲದಲ್ಲಿ ಮದ್ದು, ಅಂದರೆ ಫಿರಂಗಿ ಹಾರಿಸುವ ಸಿಡಿಮದ್ದು, ಕಾಯುವ ಹೊಣೆ ಹೊತ್ತವನಿಗೆ ಆ ಹಸಿರು ಕಂಡರೆ ಚಿಂತೆಯೇ ಜಾಸ್ತಿ ಆಗುತ್ತಿತ್ತು. ಕರಾವಳಿಯ ಕೋಟೆಗಳನ್ನು ನೋಡುವಾಗ ನಾವು ಬುರುಜು, ಕಂದಕ, ಕಳ್ಳದಾರಿ ಎಂದು ಶತ್ರುವಿನ ಲೆಕ್ಕವನ್ನೇ ಹಾಕುತ್ತೇವೆ. ಮಳೆಯ ಲೆಕ್ಕವನ್ನೂ ಹಾಕಬೇಕು ಎಂಬುದು ನನ್ನ ವಾದ.

ಕುಮಟಾ ತಾಲೂಕಿನ ಅಘನಾಶಿನಿ ದಂಡೆಯಲ್ಲಿ, ಸುಮಾರು 10 ಎಕರೆ ಜಾಗದಲ್ಲಿ ಈ ಕೋಟೆ ಇದೆ. ಇದರೊಂದಿಗೆ ಸೇರಿಕೊಂಡ ಹೆಸರು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯದು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದೇ ಕರೆದರು. 2000ದ ಸುಮಾರಿಗೆ ಪುರಾತತ್ವ ಇಲಾಖೆ ಇಲ್ಲಿ ಅಗೆದಾಗ ಫಿರಂಗಿ ಗುಂಡುಗಳು, ಚೀನಾ ಪಿಂಗಾಣಿಯ ಚೂರುಗಳು, 1652ರ ಪೋರ್ಚುಗೀಸ್ ಚಿನ್ನದ ನಾಣ್ಯ ಸಿಕ್ಕವು. ಗುಂಡು ಮಣ್ಣಿನಡಿ ನೂರಾರು ವರ್ಷ ಉಳಿಯುತ್ತದೆ. ಅದನ್ನು ಹಾರಿಸುವ ಮದ್ದು ಮಾತ್ರ ಒಂದು ಮಳೆಗಾಲ ಉಳಿಯುವುದೂ ಕಷ್ಟ.

ಕಾರಣ ಅದರ ರಸಾಯನದಲ್ಲೇ ಇದೆ. ಮದ್ದಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಪೆಟ್ಲುಪ್ಪು ಅಂದರೆ ಪೊಟ್ಯಾಸಿಯಂ ನೈಟ್ರೇಟ್, ಉರಿಯಲು ಬೇಕಾದ ಆಮ್ಲಜನಕ ಕೊಡುವುದು ಇದೇ. ಶುದ್ಧವಾಗಿದ್ದರೆ ಇದು ಗಟ್ಟಿಗ: ಗಾಳಿಯ ತೇವಾಂಶ ಶೇ. 92ರ ಆಸುಪಾಸಿಗೆ ಏರುವವರೆಗೂ ನೀರಾಗುವುದಿಲ್ಲ. ಅಡುಗೆ ಉಪ್ಪು ಶೇ. 75ಕ್ಕೇ ಒಸರಲು ಶುರು ಮಾಡುತ್ತದೆ. ಆಷಾಢದಲ್ಲಿ ನಮ್ಮ ಉಪ್ಪಿನ ಭರಣಿ ಏನಾಗುತ್ತದೆ ಎಂದು ಗೊತ್ತಲ್ವಾ? ಪೆಟ್ಲುಪ್ಪಿನ ಜೊತೆ ಅಡುಗೆ ಉಪ್ಪೋ ಕ್ಯಾಲ್ಸಿಯಂ ನೈಟ್ರೇಟೋ ಬೆರೆತಿದ್ದರೆ ಮದ್ದಿಗೂ ಅದೇ ಗತಿ. ಸಾಲದ್ದಕ್ಕೆ ಇದ್ದಿಲೂ ತೇವ ಹೀರುತ್ತದೆ.

ಅದಕ್ಕೇ ಪೆಟ್ಲುಪ್ಪನ್ನು ಬಿಸಿನೀರಲ್ಲಿ ಕರಗಿಸಿ, ಆರಿಸಿ, ಹರಳು ತೆಗೆಯುತ್ತಿದ್ದರು. 100 ಗ್ರಾಂ ಕುದಿನೀರಿನಲ್ಲಿ ಸುಮಾರು 245 ಗ್ರಾಂ ಪೆಟ್ಲುಪ್ಪು ಕರಗುತ್ತದೆ. ನೀರು 30 ಡಿಗ್ರಿಗೆ ಆರಿದರೆ 45 ಗ್ರಾಮಿನಷ್ಟೇ ಅದರಲ್ಲಿ ನಿಲ್ಲುತ್ತದೆ, ಮಿಕ್ಕಿದ್ದೆಲ್ಲ ಹರಳಾಗಿ ಕೂರುತ್ತದೆ. ಅಡುಗೆ ಉಪ್ಪು ಬಿಸಿಯಲ್ಲೂ ತಣ್ಣಗಾದರೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಕರಗುವುದರಿಂದ ನೀರಲ್ಲೇ ಉಳಿದುಬಿಡುತ್ತದೆ.

ಇನ್ನು ಕಟ್ಟಡ. ಇಲ್ಲಿನ ಕೋಟೆಗಳಿಗೆ ಸಿಕ್ಕಿದ್ದು ಚಿರೆಕಲ್ಲು. 1800-01ರಲ್ಲಿ ಈ ಸೀಮೆಗಳಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕಾನನ್ ಮುಂದೆ ತನ್ನ ಪುಸ್ತಕದಲ್ಲಿ ಇದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ನೆಲದಲ್ಲಿರುವಾಗ ಕೊಡಲಿಯಲ್ಲೂ ಕಡಿಯುವಷ್ಟು ಮೆದು. ಗಾಳಿಗೆ ಬಿದ್ದು ಒಣಗುತ್ತಿದ್ದಂತೆ ಅದರೊಳಗಿನ ಕಬ್ಬಿಣದ ಅಂಶ ಬಿಗಿದುಕೊಂಡು ಗಟ್ಟಿಯಾಗುತ್ತದೆ. ಕಟ್ಟುವವನಿಗೆ ಇಷ್ಟು ಅನುಕೂಲದ ಕಲ್ಲು ಬೇರೆ ಇಲ್ಲ. ಆದರೆ ಅದರ ಮೈಯೆಲ್ಲ ತೂತು. ಕುಡಿದ ನೀರನ್ನು ದಪ್ಪ ಗೋಡೆ ಬಹಳ ಕಾಲ ಹಿಡಿದುಕೊಂಡಿರುತ್ತದೆ.

ದಪ್ಪ ಗೋಡೆಯ ತಂಪೂ ಇಲ್ಲಿ ಒಳ್ಳೆಯದಲ್ಲ. ಹೊರಗೆ 30 ಡಿಗ್ರಿ ಸೆಕೆ, ತೇವಾಂಶ ಶೇ. 80 ಅಂದುಕೊಳ್ಳಿ. ಅದೇ ಗಾಳಿ 26 ಡಿಗ್ರಿಯ ಕೋಣೆಗೆ ನುಗ್ಗಿ ತಣ್ಣಗಾದರೆ ತೇವಾಂಶ ಶೇ. 100 ಮುಟ್ಟುತ್ತದೆ, ಗೋಡೆ ಬೆವರುತ್ತದೆ. ಹೊರಗೆ ಒಂದು ಹನಿ ಬೀಳದೆಯೂ ಮದ್ದು ಹಾಳು! ಹಾಗಾಗಿ ಕಿಂಡಿ ಯಾವಾಗ ತೆರೆಯಬೇಕು ಎಂಬುದೇ ದೊಡ್ಡ ವಿದ್ಯೆ. ಇನ್ನೊಂದು ಕಡೆ ಬೆಂಕಿಯ ಭಯ. ಅದಕ್ಕೆ ಹಲವು ದೇಶಗಳ ಮದ್ದಿನ ಮನೆಗಳಲ್ಲಿ ಗಾಳಿಕಿಂಡಿಯನ್ನು ಗೋಡೆಯೊಳಗೇ ತಿರುವು ಕೊಟ್ಟು ಕಟ್ಟಿದರು. ಗಾಳಿ ಸುತ್ತಿಕೊಂಡು ಒಳಬರುತ್ತದೆ, ಕಿಡಿ ನೇರ ಬಂದು ಗೋಡೆಗೆ ಬಡಿದು ಆರುತ್ತದೆ. ನೆಲಕ್ಕೆ ಎತ್ತರಿಸಿದ ಹಲಗೆ, ಪೀಪಾಯಿಗಳಿಗೆ ಮರದ ಅಥವಾ ತಾಮ್ರದ ಪಟ್ಟಿ. ಕಬ್ಬಿಣದ ಮೊಳೆ ಹೊಡೆದ ಚಪ್ಪಲಿಗೆ ಒಳಗೆ ಪ್ರವೇಶವಿರಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಗಳು ಅರ್ಧ ನೆಲದೊಳಗಿವೆ. ಇಟ್ಟಿಗೆ, ಗಾರೆಯ ಕೆಲಸ. ರೈಲು ಹಳಿ ಜೋಡಿ ಮಾಡುವಾಗ ಅಡ್ಡ ಬಂದ ಒಂದನ್ನು 2017ರಲ್ಲಿ ಒಡೆಯದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದರು. ಕಟ್ಟಡದ ಬೆಲೆ ಅರಿತವರ ಕೆಲಸ ಅದು. ಆದರೆ ಆ ನಕ್ಷೆಯನ್ನೇ ತಂದು ಅಘನಾಶಿನಿಯ ದಂಡೆಯಲ್ಲಿ ಕಟ್ಟಲಾಗದು. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ನೆಲದಲ್ಲಿ ಅರ್ಧ ಆಳ ಅಗೆದರೆ ಸಿಗುವುದು ಬಾವಿ.

ಹಳೆಯ ಚಿರೆಕಲ್ಲು ಗೋಡೆಗೆ ಇಂದು ಯಾರಾದರೂ ಸಿಮೆಂಟ್ ಮೆತ್ತಲು ಹೊರಟರೆ ದಯವಿಟ್ಟು ತಡೆಯಿರಿ. ಸುಣ್ಣದ ಗಾರೆ ಕಲ್ಲಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ. ಆಮೇಲೆ ಗೋಡೆ ಒಣಗುವುದು ನಿಧಾನವಾಗುತ್ತದೆ, ಸಿಮೆಂಟಿನ ಹಿಂದೆ ಉಪ್ಪು ಹರಳುಗಟ್ಟುತ್ತದೆ, ಕಲ್ಲಿನ ಮೈ ಪುಡಿಯಾಗಿ ಉದುರತೊಡಗುತ್ತದೆ.