ಮೆದುಳಿನ ಗಡ್ಡೆಗೆ ಆರ್‌ಎನ್‌ಎ ಇಂಜೆಕ್ಷನ್ ಬಂದಿದೆಯಾ?

ಮೈಸೂರಿನ ನನ್ನ ಓಪಿಡಿಯಲ್ಲಿ ಈ ಪ್ರಶ್ನೆ ಈಚೆಗೆ ಜಾಸ್ತಿ ಆಗಿದೆ. ಮದ್ದೂರು, ಪಾಂಡವಪುರ ಕಡೆಯಿಂದ ಬರುವವರ ಮೊಬೈಲಿನಲ್ಲೂ ಯಾವುದೋ ವಾಟ್ಸಾಪ್ ಸುದ್ದಿ ಇರುತ್ತದೆ. "ಡಾಕ್ಟ್ರೇ, ಇದು ನಿಜವಾ?" ವಿಜ್ಞಾನ ನಿಜ. ಇಂಜೆಕ್ಷನ್ ಮಾತ್ರ ಇನ್ನೂ ಬಂದಿಲ್ಲ.

ನಮ್ಮ ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಸುವ ಸೂಚನೆ ಇರುವ ಭಾಗ ಶೇ. 2ರಷ್ಟೂ ಇಲ್ಲ. ಉಳಿದದ್ದೆಲ್ಲ ಸುಮ್ನೆ ಕಸ ಅಂದುಕೊಂಡಿದ್ದ ಕಾಲವಿತ್ತು. ಅಲ್ಲಿಂದಲೂ ಬೇಕಾದಷ್ಟು ಆರ್‌ಎನ್‌ಎ, ಅಂದರೆ ಡಿಎನ್‌ಎಯ ತುಣುಕಿನ ನಕಲು, ತಯಾರಾಗುತ್ತದೆ. ಅದರಿಂದ ಪ್ರೋಟೀನ್ ಆಗುವುದಿಲ್ಲ, ಆದರೆ ಯಾವ ಪ್ರೋಟೀನ್ ಎಷ್ಟು ಆಗಬೇಕು ಅನ್ನುವುದರ ಮೇಲೆ ಅದರ ಹಿಡಿತವಿದೆ. ನಾಲೆ ನೀರನ್ನು ಯಾವ ಗದ್ದೆಗೆ ಎಷ್ಟು ಬಿಡಬೇಕೆಂದು ನೋಡುವ ನೀರುಗಂಟಿ ಅನ್ನಿ. ಮಂಡ್ಯದವರಿಗೆ ಬೇರೆ ವಿವರಣೆ ಬೇಕಿಲ್ಲ.

ಇವುಗಳಲ್ಲಿ ಪುಟ್ಟದು ಮೈಕ್ರೋಆರ್‌ಎನ್‌ಎ, ಸುಮಾರು 22 ರಾಸಾಯನಿಕ ಅಕ್ಷರದ ತುಣುಕು. 1993ರಲ್ಲಿ ಒಂದು ಹುಳುವಿನಲ್ಲಿ ಅದನ್ನು ಕಂಡ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂತು. ಗ್ಲಯೋಬ್ಲಾಸ್ಟೋಮಾ ಎಂಬ ಮೆದುಳಿನ ಕೆಟ್ಟ ಗಡ್ಡೆಯಲ್ಲಿ ಮಿರ್-21 ಎಂಬ ಮೈಕ್ರೋಆರ್‌ಎನ್‌ಎ ವಿಪರೀತ ಏರಿರುತ್ತದೆ. ಬೆಳವಣಿಗೆಗೆ ಕಡಿವಾಣ ಹಾಕುವ ಪ್ರೋಟೀನ್‌ಗಳನ್ನು ಅದು ಅದುಮಿಡುತ್ತದೆ. ಸಾಯಬೇಕಾದ ಕಣ ಸಾಯುವುದಿಲ್ಲ.

ಹಾಗಾದರೆ ಮಿರ್-21 ನಿಲ್ಲಿಸಿದರೆ ಆಯ್ತಲ್ವಾ? ಅಲ್ಲೇ ಇರುವುದು ತೊಡಕು. ಅದನ್ನು ತಡೆಯಲು ಕೊಡುವ ಬರಿ ಆರ್‌ಎನ್‌ಎ ತುಣುಕು ರಕ್ತದಲ್ಲಿ ಬೇಗ ಚೂರಾಗುತ್ತದೆ. ಉಳಿದರೂ ರಕ್ತನಾಳದ ತಡೆಗೋಡೆ ಅದನ್ನು ಮೆದುಳಿಗೆ ಬಿಡುವುದಿಲ್ಲ. ಜೊತೆಗೆ ಒಂದೇ ಮೈಕ್ರೋಆರ್‌ಎನ್‌ಎ ಹತ್ತಾರು ಜೀನ್‌ಗಳನ್ನು ಮುಟ್ಟುತ್ತದೆ. ಬೇರೆ ಕ್ಯಾನ್ಸರ್‌ಗಳಿಗೆ ಪ್ರಯೋಗಿಸಿದ ಎಂಆರ್‌ಎಕ್ಸ್34 ಎಂಬ ಮೈಕ್ರೋಆರ್‌ಎನ್‌ಎ ಔಷಧದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೆರಳಿ ಸಾವುಗಳಾದವು. 2016ರಲ್ಲಿ ಆ ಪ್ರಯೋಗ ನಿಲ್ಲಿಸಿದರು.

ಇವತ್ತು ಕೈಯಲ್ಲಿರುವುದು ಆಪರೇಷನ್, ರೇಡಿಯೇಷನ್, ಟೆಮೊಜೊಲೊಮೈಡ್ ಕ್ಯಾಪ್ಸೂಲ್. ಈ ಕ್ಯಾಪ್ಸೂಲ್ ಗಡ್ಡೆಯ ಡಿಎನ್‌ಎ ಕೆಡಿಸುತ್ತದೆ, ಎಂಜಿಎಂಟಿ ಎಂಬ ಪ್ರೋಟೀನ್ ಅದನ್ನು ರಿಪೇರಿ ಮಾಡುತ್ತದೆ. ಎಂಜಿಎಂಟಿ ಕಡಿಮೆಯಿದ್ದವರಿಗೆ ಔಷಧ ಚೆನ್ನಾಗಿ ಹಿಡಿಯುತ್ತದೆ. ಮಿರ್-181ಡಿ ಎಂಬ ಮೈಕ್ರೋಆರ್‌ಎನ್‌ಎ ಇದೇ ಎಂಜಿಎಂಟಿಯನ್ನು ತಗ್ಗಿಸುತ್ತದೆ. ನನಗೆ ಆಸೆ ಇರುವುದು ಇಂಥ ಕಡೆ: ಈಗಿರುವ ಔಷಧಕ್ಕೇ ಬಲ ಕೊಡುವಲ್ಲಿ.

ಸದ್ಯಕ್ಕೆ ರಕ್ತದ ಮೈಕ್ರೋಆರ್‌ಎನ್‌ಎ ಟೆಸ್ಟಿಗೆ ದುಡ್ಡು ಸುರಿಯಬೇಡಿ. ಅದನ್ನು ನೋಡಿ ನಾವ್ಯಾರೂ ಚಿಕಿತ್ಸೆ ಬದಲಿಸುವುದಿಲ್ಲ. ತೆಗೆದ ಗಡ್ಡೆಯಲ್ಲಿ ಐಡಿಎಚ್ (ಗಡ್ಡೆಯ ಬಗೆ ಹೇಳುವ ಜೀನ್), ಎಂಜಿಎಂಟಿ ನೋಡಿದ್ದಾರಾ ಕೇಳಿ. ಗಡ್ಡೆಯ ತುಂಡನ್ನು ಇಟ್ಟಿರುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಮೇಣದ ಬ್ಲಾಕ್ ಲ್ಯಾಬಿನಲ್ಲೇ ಉಳಿದುಬಿಡುತ್ತದೆ. ಬೇರೆ ಊರಿಗೆ ತೋರಿಸಲು ಹೊರಟಾಗ ಕೇಳಿ ಪಡೆಯಿರಿ. ಯಾರಾದರೂ "ಟ್ರಯಲ್‌ನಲ್ಲಿ ಕೊಡ್ತೀವಿ" ಅಂದರೆ ಸಿಟಿಆರ್‌ಐ (ದೇಶದ ಔಷಧ ಪ್ರಯೋಗಗಳ ಸರ್ಕಾರಿ ದಾಖಲೆ) ನೋಂದಣಿ ಸಂಖ್ಯೆ ಕೇಳಿ, ಆ ವೆಬ್‌ಸೈಟಿನಲ್ಲಿ ನೀವೇ ಹುಡುಕಿ. ಸಿಗದಿದ್ದರೆ ಸಹಿ ಹಾಕಬೇಡಿ.