ರೆಜಿಸ್ತಾಂಸ್: ಈ ಹೆಸರಿನೊಳಗೆ ಯಾರ‍್ಯಾರು ಇದ್ದರು?

ಎರಡನೇ ಮಹಾಯುದ್ಧದ ಬಗ್ಗೆ ಏನೇ ಓದಿದರೂ ‘ಫ್ರೆಂಚ್ ರೆಸಿಸ್ಟೆನ್ಸ್’ ಎಂಬ ಮಾತು ಬಂದೇ ಬರುತ್ತದೆ. ಫ್ರೆಂಚರ ಬಾಯಲ್ಲಿ ಅದು ರೆಜಿಸ್ತಾಂಸ್, ಅಂದರೆ ಎದುರಿಸಿ ನಿಲ್ಲುವುದು. 1940ರ ಜೂನ್‌ನಲ್ಲಿ ಫ್ರಾನ್ಸ್ ಜರ್ಮನಿಗೆ ಸೋತಿತು. ಮಾರ್ಷಲ್ ಪೇತಾಂ ಒಪ್ಪಂದಕ್ಕೆ ಸಹಿ ಹಾಕಿಸಿ, ವಿಶಿ ಎಂಬ ಊರಲ್ಲಿ ಸರ್ಕಾರ ನಡೆಸಿದರು. ಆ ಸರ್ಕಾರ ಹಿಟ್ಲರನ ಜೊತೆ ಕೈಜೋಡಿಸಿತು. ಈ ಇಬ್ಬರನ್ನೂ ಎದುರು ಹಾಕಿಕೊಂಡು ಗುಟ್ಟಾಗಿ ಕೆಲಸ ಮಾಡಿದವರೆಲ್ಲರಿಗೂ ಸೇರಿ ಇದೊಂದೇ ಹೆಸರು.

ಹೆಸರು ಒಂದೇ ಆದ್ದರಿಂದ ಅದೊಂದು ಸೈನ್ಯವೋ ಪಕ್ಷವೋ ಇರಬೇಕು ಅನ್ನಿಸುತ್ತದೆ. ಆದರೆ ಅಲ್ಲಿ ಇದ್ದದ್ದು ನೂರಾರು ಸಣ್ಣ ಗುಂಪುಗಳು. ಎಷ್ಟೋ ಗುಂಪುಗಳಿಗೆ ಪಕ್ಕದ ಬೀದಿಯಲ್ಲಿ ಇನ್ನೊಂದು ಗುಂಪು ಇರುವುದೇ ಗೊತ್ತಿರಲಿಲ್ಲ. ಕೆಲವರು ಕಳ್ಳ ಪತ್ರಿಕೆ ಅಚ್ಚು ಹಾಕುತ್ತಿದ್ದರು. ಕೆಲವರು ರೈಲು ಹಳಿ ತಪ್ಪಿಸುತ್ತಿದ್ದರು. ಸುಳ್ಳು ಗುರುತುಚೀಟಿ ಮಾಡಿಕೊಡುವವರು, ಯಹೂದಿ ಮಕ್ಕಳನ್ನು ಮನೆಯಲ್ಲಿ ಬಚ್ಚಿಡುವವರು, ರಾತ್ರಿ ಹೊತ್ತು ಜನರನ್ನು ಸ್ಪೇನ್ ಗಡಿ ದಾಟಿಸುವವರು, ಎಲ್ಲರೂ ಇದ್ದರು. 1943ರ ಫೆಬ್ರವರಿಯಲ್ಲಿ ಯುವಕರನ್ನು ಜರ್ಮನಿಯ ಕಾರ್ಖಾನೆಗಳಿಗೆ ಕಡ್ಡಾಯವಾಗಿ ಕಳಿಸುವ ಕಾನೂನು ಬಂತು. ಆಗ ಸಾವಿರಾರು ಹುಡುಗರು ಕಾಡು, ಬೆಟ್ಟ ಸೇರಿದರು. ಅವರಿಗೆ ‘ಮಾಕಿ’ ಎಂಬ ಹೆಸರು ಬಂತು. ಅದು ಕಾರ್ಸಿಕಾ ದ್ವೀಪದ ಕುರುಚಲು ಕಾಡಿನ ಹೆಸರು.

ರೆಜಿಸ್ತಾಂಸ್ ಎಂಬ ಹೆಸರನ್ನು ಮೊದಮೊದಲು ಹಿಡಿದವರಲ್ಲಿ ಪ್ಯಾರಿಸ್ಸಿನ ಒಂದು ಮ್ಯೂಸಿಯಮ್ಮಿನ ನೌಕರರೂ ಇದ್ದರು. ಮಾನವಶಾಸ್ತ್ರದ ಮ್ಯೂಸಿಯಂ ಅದು, ಮ್ಯೂಸೆ ದ ಲೋಮ್. 1940ರ ಡಿಸೆಂಬರ್ 15ರಂದು ಅಲ್ಲಿನ ಗುಂಪು ಒಂದು ಕಳ್ಳ ಪತ್ರಿಕೆ ಹೊರತಂದಿತು. ಅದಕ್ಕೆ ‘ರೆಜಿಸ್ತಾಂಸ್’ ಎಂದು ಹೆಸರು ಸೂಚಿಸಿದವರು ಮ್ಯೂಸಿಯಮ್ಮಿನ ಲೈಬ್ರೇರಿಯನ್ ಇವೋನ್ ಓದೋಂ. ಆಕೆ ಪ್ರಾಟೆಸ್ಟೆಂಟ್ ಮನೆತನದವರು. 18ನೇ ಶತಮಾನದಲ್ಲಿ ಮರೀ ಡ್ಯುರಾಂ ಎಂಬ ಪ್ರಾಟೆಸ್ಟೆಂಟ್ ಹೆಂಗಸನ್ನು ಧರ್ಮ ಬಿಡಲಿಲ್ಲ ಎಂಬ ಕಾರಣಕ್ಕೆ 38 ವರ್ಷ ಕೂಡಿಹಾಕಿದ್ದರು. ಎಗ್ ಮೋರ್ತ್ ಊರಿನ ಆ ಗೋಪುರದ ಕಲ್ಲಿನಲ್ಲಿ ‘ಎದುರಿಸಿ ನಿಲ್ಲು’ ಎಂಬ ಒಂದೇ ಪದ ಕೊರೆದಿದೆ. ಕೊರೆದದ್ದು ಆಕೆಯೇ ಎಂದು ಅಲ್ಲಿನವರು ನಂಬಿದ್ದಾರೆ. ಲೈಬ್ರೇರಿಯನ್ ಮನಸ್ಸಿನಲ್ಲಿದ್ದದ್ದು ಆ ಕಲ್ಲು. ಗುಂಪನ್ನು ಯಾರೋ ಹಿಡಿದುಕೊಟ್ಟರು. 1942ರ ಫೆಬ್ರವರಿ 23ರಂದು ಏಳು ಗಂಡಸರನ್ನು ಮೋಂ ವಲೇರಿಯಾಂ ಕೋಟೆಯಲ್ಲಿ ಗುಂಡಿಟ್ಟು ಕೊಂದರು. ಇವೋನ್ ಓದೋಂ ಜರ್ಮನಿಯ ಸೆರೆಶಿಬಿರಕ್ಕೆ ಹೋದರು, ಬದುಕಿ ಬಂದರು. ಇಲ್ಲೇ ಒಂದು ವಿಷಯ ಗಮನಿಸಿ: ಆ ಗುಂಪಿನ ಮುಂದಾಳು ಬೋರಿಸ್ ವಿಲ್ದೆ ಹುಟ್ಟಿದ್ದು ರಷ್ಯಾದಲ್ಲಿ.

ಹೀಗೆ ಚೂರುಚೂರಾಗಿದ್ದ ಗುಂಪುಗಳನ್ನು ಒಟ್ಟಿಗೆ ಕೂರಿಸಿದವರು ಜಾಂ ಮೂಲ್ಯಾಂ. ಸೋಲೊಪ್ಪದೆ ಲಂಡನ್ನಿಗೆ ಹೋಗಿ ಅಲ್ಲಿಂದ ಹೋರಾಟ ಮುಂದುವರಿಸಿದ್ದ ಫ್ರೆಂಚ್ ಸೇನಾನಿ ಜನರಲ್ ದ ಗೋಲ್ ಅವರ ಪ್ರತಿನಿಧಿಯಾಗಿ 1943ರ ಮೇ 27ರಂದು ಪ್ಯಾರಿಸ್ಸಿನಲ್ಲೇ ಎಲ್ಲರ ಗುಪ್ತ ಸಭೆ ಸೇರಿಸಿದರು. ಒಂದು ತಿಂಗಳೂ ಕಳೆಯಲಿಲ್ಲ, ಲಿಯೋಂ ಹತ್ತಿರ ಸಿಕ್ಕಿಬಿದ್ದರು. ಹಿಟ್ಲರನ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊದ ಕ್ಲಾಸ್ ಬಾರ್ಬಿ ಕೊಟ್ಟ ಚಿತ್ರಹಿಂಸೆಯಿಂದಲೇ ಸತ್ತರು. ಬಾಯಿ ಬಿಡಲಿಲ್ಲ.

ಯುದ್ಧ ಮುಗಿದ ಮೇಲೆ ಈ ಪದಕ್ಕೆ ಇನ್ನೊಂದು ಜೀವನ ಶುರುವಾಯಿತು. 1944ರ ಆಗಸ್ಟ್ 25ರಂದು ಬಿಡುಗಡೆಯಾದ ಪ್ಯಾರಿಸ್ಸಿನಲ್ಲಿ ನಿಂತು ದ ಗೋಲ್ ಮಾತಾಡಿದರು. ಪ್ಯಾರಿಸ್ ತನ್ನನ್ನು ತಾನೇ ಬಿಡಿಸಿಕೊಂಡಿತು, ಇಡೀ ಫ್ರಾನ್ಸ್ ಬೆನ್ನಿಗಿತ್ತು ಎಂದರು. ಸೋತು, ಒಡೆದು, ನಾಚಿಕೆಯಲ್ಲಿದ್ದ ದೇಶಕ್ಕೆ ಆ ಮಾತು ಬೇಕಿತ್ತು. ಅವರು ಯಾಕೆ ಹಾಗೆ ಹೇಳಿದರು ಎಂಬುದು ನನಗೆ ಅರ್ಥವಾಗುತ್ತದೆ. ಆದರೆ ನಿಜ ಬೇರೆ ಇತ್ತು. ಯುದ್ಧದ ನಂತರ ಹೋರಾಟಗಾರರೆಂದು ಸರ್ಕಾರಿ ಕಾರ್ಡ್ ಪಡೆದವರು ಸುಮಾರು ಎರಡೂವರೆ ಲಕ್ಷ. ದೇಶದ ಜನಸಂಖ್ಯೆ ಸುಮಾರು ನಾಲ್ಕು ಕೋಟಿ. ಹೆಚ್ಚಿನವರು ರೇಷನ್ನಿಗೆ ಸಾಲು ನಿಂತು, ತಲೆ ತಗ್ಗಿಸಿ ದಿನ ದೂಡಿದರು. ಕೆಲವರು ಪಕ್ಕದ ಮನೆಯವರ ಮೇಲೆ ಪೊಲೀಸರಿಗೆ ಕಾಗದ ಬರೆದರು. ಕಡೇ ಗಳಿಗೆಯಲ್ಲಿ ತೋಳಿಗೆ ಪಟ್ಟಿ ಕಟ್ಟಿಕೊಂಡು ಬಂದವರನ್ನು ಜನರೇ ‘ಸೆಪ್ಟೆಂಬರ್ ಹೋರಾಟಗಾರರು’ ಎಂದು ಹಂಗಿಸುತ್ತಿದ್ದರು.

ಇಡೀ ದೇಶವೇ ಹೋರಾಡಿತು ಎಂಬ ಈ ಕಥೆಗೂ ಒಂದು ಹೆಸರಿದೆ: ರೆಜಿಸ್ತಾಂಸಿಯಲಿಸ್ಮ್. ಈ ಅರ್ಥದಲ್ಲಿ ಅದನ್ನು 1987ರಲ್ಲಿ ಬಳಕೆಗೆ ತಂದವರು ಇತಿಹಾಸಕಾರ ಆನ್ರಿ ರೂಸೋ. ಕಥೆ ಎಷ್ಟು ಗಟ್ಟಿಯಾಗಿತ್ತೆಂದರೆ, ಕ್ಲೆರ್ಮೋಂ ಫೆರಾಂ ಊರಿನ ಯುದ್ಧಕಾಲದ ಬದುಕನ್ನು ಇದ್ದ ಹಾಗೆ ತೋರಿಸಿದ 1969ರ ಒಂದು ಸಾಕ್ಷ್ಯಚಿತ್ರವನ್ನು ಫ್ರೆಂಚ್ ಟಿವಿ 1981ರವರೆಗೆ ಪ್ರಸಾರವನ್ನೇ ಮಾಡಲಿಲ್ಲ. 1942ರ ಜುಲೈನಲ್ಲಿ ಪ್ಯಾರಿಸ್ಸಿನ ಸುಮಾರು 13 ಸಾವಿರ ಯಹೂದಿಗಳನ್ನು ಹಿಡಿದದ್ದು ಫ್ರೆಂಚ್ ಪೊಲೀಸರು. ಅದು ಫ್ರಾನ್ಸ್ ದೇಶದ್ದೇ ತಪ್ಪು ಎಂದು ಅಧ್ಯಕ್ಷರೊಬ್ಬರು ಬಾಯಿಬಿಟ್ಟು ಹೇಳಲು 1995 ಬರಬೇಕಾಯಿತು. ಹೇಳಿದವರು ಜಾಕ್ ಶಿರಾಕ್.

ದೊಡ್ಡ ಕಥೆಯ ಅಡಿಯಲ್ಲಿ ಸಿಕ್ಕಿ ಕಾಣದೇ ಹೋದವರು ಯಾರು? ಮೊದಲು ಹೊರದೇಶದವರು. 1944ರ ಫೆಬ್ರವರಿಯಲ್ಲಿ ಫ್ರಾನ್ಸಿನ ಗೋಡೆಗಳ ಮೇಲೆ ಜರ್ಮನರ ಪ್ರಚಾರದ ಒಂದು ಕೆಂಪು ಪೋಸ್ಟರ್ ಕಾಣಿಸಿಕೊಂಡಿತು. ಮೇಲೆ ‘ಬಿಡುಗಡೆ ಮಾಡುವವರೇ ಇವರು?’ ಎಂಬ ಪ್ರಶ್ನೆ. ನಡುವೆ ಹತ್ತು ಮುಖಗಳು. ಗಡ್ಡ ಬೆಳೆದ, ದಣಿದ ಮುಖಗಳು. ಒಂದೊಂದರ ಕೆಳಗೂ ಹೆಸರು, ‘ಪೋಲಿಷ್ ಯಹೂದಿ’, ‘ಹಂಗೇರಿಯನ್ ಯಹೂದಿ’ ಎಂಬಂಥ ಗುರುತು, ಮಾಡಿದ ದಾಳಿಗಳ ಲೆಕ್ಕ. ಎಲ್ಲಕ್ಕಿಂತ ಕೆಳಗಿನ ಮುಖ ಮಿಸಾಕ್ ಮನುಶಿಯಾನ್ ಅವರದು: ‘ಅರ್ಮೇನಿಯನ್, ಗುಂಪಿನ ನಾಯಕ, 56 ದಾಳಿ, 150 ಸಾವು, 600 ಗಾಯಾಳು.’ ಇವರೆಲ್ಲ ಪರಕೀಯರು, ಕೊಲೆಗಡುಕರು ಎಂದು ಜನರಿಗೆ ನಂಬಿಸುವುದೇ ಆ ಪೋಸ್ಟರಿನ ಉದ್ದೇಶ.

ಮನುಶಿಯಾನ್ ಅರ್ಮೇನಿಯನ್ ನರಮೇಧದಲ್ಲಿ ಅನಾಥರಾದ ಹುಡುಗ. ಕಾರ್ಖಾನೆಯಲ್ಲಿ ದುಡಿದರು, ಕವಿತೆ ಬರೆದರು. ಎರಡು ಸಲ ಫ್ರೆಂಚ್ ಪೌರತ್ವ ಕೇಳಿದರು, ಎರಡು ಸಲವೂ ಸಿಗಲಿಲ್ಲ. ಫೆಬ್ರವರಿ 21ರಂದು ಅವರನ್ನೂ 21 ಸಂಗಾತಿಗಳನ್ನೂ ಅದೇ ಮೋಂ ವಲೇರಿಯಾಂನಲ್ಲಿ ಕೊಂದರು. ಗುಂಪಿನ ಓಲ್ಗಾ ಬಾನ್ಚಿಕ್ ಅವರನ್ನು ಜರ್ಮನಿಗೆ ಒಯ್ದು ಮೇ 10ರಂದು ತಲೆ ಕಡಿದರು. ಸಾಯುವ ದಿನ ಹೆಂಡತಿ ಮೆಲಿನೆಗೆ ಬರೆದ ಕಾಗದದಲ್ಲಿ, ಜರ್ಮನ್ ಜನರ ಮೇಲೆ ನನಗೆ ದ್ವೇಷವಿಲ್ಲ ಎಂದು ಮನುಶಿಯಾನ್ ಬರೆದಿದ್ದಾರೆ. ದೇಶದ ಮಹನೀಯರ ಸಮಾಧಿ ಇರುವ ಪ್ಯಾಂಥಿಯನ್‌ಗೆ ಜಾಂ ಮೂಲ್ಯಾಂ 1964ರಲ್ಲೇ ಹೋಗಿದ್ದರು. ಮನುಶಿಯಾನ್ ದಂಪತಿಗೆ ಅಲ್ಲಿ ಜಾಗ ಸಿಕ್ಕಿದ್ದು 2024ರ ಫೆಬ್ರವರಿ 21ಕ್ಕೆ, ಅಂದರೆ ಸರಿಯಾಗಿ 80 ವರ್ಷದ ಮೇಲೆ. ಪ್ಯಾರಿಸ್ ಬಿಡುಗಡೆಯ ಹಿಂದಿನ ಸಂಜೆ ಮೊದಲು ಊರೊಳಗೆ ಬಂದ ತುಕಡಿಯಲ್ಲಿ ಹೆಚ್ಚಿನವರು ಸ್ಪೇನಿನವರು. ಅದೂ ಬಹಳ ಕಾಲ ಯಾರ ಬಾಯಲ್ಲೂ ಬರಲಿಲ್ಲ.

ಹೆಂಗಸರ ವಿಷಯಕ್ಕೆ ಒಂದೇ ಲೆಕ್ಕ ಸಾಕು. ದ ಗೋಲ್ ಕೊಟ್ಟ ಅತಿ ದೊಡ್ಡ ಗೌರವ ‘ಬಿಡುಗಡೆಯ ಸಂಗಾತಿ’ ಎಂಬ ಬಿರುದು. ಅದು 1,038 ಜನರಿಗೆ ಸಿಕ್ಕಿತು. ಅವರಲ್ಲಿ ಹೆಂಗಸರು ಆರೇ ಆರು. ಸಂದೇಶ ಹೊತ್ತವರು, ಮನೆಯಲ್ಲಿ ಅಡಗಿಸಿಟ್ಟವರು, ಟೈಪ್ ಮಾಡಿದವರು ಜಾಸ್ತಿ ಹೆಂಗಸರೇ. ಆ ಕೆಲಸವನ್ನು ಹೋರಾಟ ಎಂದು ಎಣಿಸಲಿಲ್ಲ, ಎಷ್ಟೋ ಜನ ತಾವೂ ಹಾಗೆ ಹೇಳಿಕೊಳ್ಳಲಿಲ್ಲ.

ಬ್ರಿಟನ್ ಕಳಿಸಿದ ಗುಪ್ತ ಏಜೆಂಟರನ್ನೂ ದ ಗೋಲ್ ಹೊರಗೇ ಇಟ್ಟರು. 1944ರ ಸೆಪ್ಟೆಂಬರಿನಲ್ಲಿ ಬೋರ್ಡೋದಲ್ಲಿ ಅಂಥ ಒಬ್ಬ ಏಜೆಂಟರಿಗೆ, ದೇಶ ಬಿಟ್ಟು ಹೊರಡಿ ಎಂದೇ ಹೇಳಿದರು. ನೂರ್ ಇನಾಯತ್ ಖಾನ್ ಈ ಏಜೆಂಟರ ಸಾಲಿನವರು. ತಂದೆಯ ಕಡೆಯಿಂದ ನಮ್ಮ ಟಿಪ್ಪು ಸುಲ್ತಾನರ ವಂಶಕ್ಕೆ ಸೇರಿದವರು, ಬೆಳೆದದ್ದು ಪ್ಯಾರಿಸ್ ಪಕ್ಕದಲ್ಲಿ. 1943ರ ಜೂನ್‌ನಲ್ಲಿ ವಿಮಾನದಿಂದ ಇಳಿದ ಕೆಲವೇ ದಿನಗಳಲ್ಲಿ ಅವರ ಜಾಲದ ಮುಖ್ಯರೆಲ್ಲ ಸೆರೆಯಾದರು. ವಾಪಸ್ ಬಾ ಎಂದು ಲಂಡನ್ ಕರೆದರೂ ಹೋಗಲಿಲ್ಲ. ವೈರ್‌ಲೆಸ್ ಪೆಟ್ಟಿಗೆ ಹಿಡಿದು ಮನೆಯಿಂದ ಮನೆಗೆ ಜಾಗ ಬದಲಿಸುತ್ತ ಅಕ್ಟೋಬರ್‌ವರೆಗೆ ಸಂದೇಶ ಕಳಿಸಿದರು. 1944ರ ಸೆಪ್ಟೆಂಬರ್ 13ರಂದು ಡಾಖೌ ಶಿಬಿರದಲ್ಲಿ ಅವರನ್ನು ಕೊಂದರು.

ಇಷ್ಟೂ ಮರೆತುಹೋದ ಒಳ್ಳೆಯವರ ಕಥೆ. ಹೋರಾಟಗಾರರೇ ಮುಚ್ಚಿಟ್ಟದ್ದೂ ಇದೆ, ಅದನ್ನು ಬಿಟ್ಟರೆ ಪದದ ಪರಿಚಯ ಅರ್ಧವೇ ಆಗುತ್ತದೆ. 2023ರ ಮೇನಲ್ಲಿ 98 ವರ್ಷದ ಒಬ್ಬ ಹಳೆಯ ಮಾಕಿ, ಕೊರೆಜ್ ಪ್ರಾಂತ್ಯದ ಮೆಮಾಕ್ ಊರಿನ ಕಾಡಿನಲ್ಲಿ ನಡೆದದ್ದನ್ನು ಎಲ್ಲರ ಮುಂದೆ ಹೇಳಿದರು. 1944ರ ಜೂನ್‌ನಲ್ಲಿ ಜರ್ಮನರು ಪಕ್ಕದ ತ್ಯುಲ್ ಊರಲ್ಲಿ 99 ಜನರನ್ನು ನೇಣು ಹಾಕಿದ್ದರು. ಆಗ ಇವರ ಗುಂಪಿನ ಕೈಯಲ್ಲಿ ನಲವತ್ತಕ್ಕೂ ಹೆಚ್ಚು ಜರ್ಮನ್ ಸೈನಿಕರೂ ಒಬ್ಬ ಫ್ರೆಂಚ್ ಹೆಂಗಸೂ ಸೆರೆಯಲ್ಲಿದ್ದರು. ಅವರಿಗೆ ಊಟ ಹಾಕಲು, ಕಾವಲು ಕಾಯಲು ಆಗುತ್ತಿರಲಿಲ್ಲ. ಕೊಲ್ಲಲು ಆಜ್ಞೆ ಬಂತು. ಸೆರೆಯಾಳುಗಳಿಂದಲೇ ಗುಂಡಿ ತೋಡಿಸಿ ಕೊಂದರು. ಈ ಮುದುಕರು ತಾವು ಗುಂಡು ಹಾರಿಸಲಿಲ್ಲ ಎಂದರು. ಯಾರೂ ಇದರ ಮಾತೆತ್ತಬಾರದು ಎಂದು ಆಗಲೇ ತೀರ್ಮಾನವಾಗಿತ್ತಂತೆ. 1967ರಲ್ಲೇ ಅಲ್ಲಿ 11 ಜನರ ಅವಶೇಷ ಸಿಕ್ಕಿತ್ತು, ಅದೂ ಸದ್ದಿಲ್ಲದೆ ಮುಗಿದಿತ್ತು.

ಮುದುಕರ ಮಾತನ್ನು ಹೋರಾಟಕ್ಕೆ ಕಳಂಕ ಎಂದು ಬೈದವರೂ ಇದ್ದರು. ನನಗೆ ಹಾಗನ್ನಿಸುವುದಿಲ್ಲ. ಸತ್ತ ಆ ಸೈನಿಕರ ಮನೆಯವರಿಗೂ ನಿಜ ತಿಳಿಯಬೇಕು, ಅಲ್ವಾ? 2023ರ ಆಗಸ್ಟ್‌ನಲ್ಲಿ ಜರ್ಮನ್ ಮತ್ತು ಫ್ರೆಂಚ್ ತಂಡ ಸೇರಿ ಆ ಕಾಡಿನಲ್ಲಿ ಅಗೆದು ನೋಡಿತು. ಗುಂಡುಗಳು, ತೋಟೆಗಳು, ನಾಣ್ಯಗಳು ಸಿಕ್ಕವು. ಉಳಿದವರ ಅವಶೇಷ ಸಿಗಲಿಲ್ಲ.