ಅವಧಿ ಮುಗಿದೊಡನೆ ಊರಿಗೆ ಹೊರಟ ಸಿಪಾಯಿ ಹೇಡಿಯೇ?

ಪ್ರಶ್ನೆ: ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಮಿಲಿಷಿಯಾ (ಊರಿನವರೇ ಅಲ್ಪಾವಧಿಗೆ ಸೇರುತ್ತಿದ್ದ ಪಡೆ) ಸಿಪಾಯಿಗಳು ಎರಡು ಮೂರು ತಿಂಗಳು ಸೇವೆ ಮಾಡಿ, ಯುದ್ಧ ನಡೆಯುತ್ತಿರುವಾಗಲೇ ಊರಿಗೆ ಮರಳುತ್ತಿದ್ದರಂತೆ. ಅವರನ್ನು ಹೇಡಿಗಳೆನ್ನಬೇಕೇ?

ಉತ್ತರ: ಹಾಗೆನ್ನಲು ಕಾರಣ ಕೊಡುವ ಒಂದು ಪ್ರಸಂಗವಂತೂ ಇದೆ. 1777ರ ಆಗಸ್ಟ್ 16ರಂದು ಬೆನಿಂಗ್ಟನ್ ಕಾಳಗವನ್ನು ಗೆದ್ದುಕೊಟ್ಟ ನ್ಯೂ ಹ್ಯಾಂಪ್‌ಷೈರ್ ಮಿಲಿಷಿಯಾದವರು, ಸಾರಟೋಗಾದ ಬಳಿ ಬೀಡುಬಿಟ್ಟಿದ್ದ ಅಮೆರಿಕದ ಸೇನೆಯನ್ನು ಕೂಡಿಕೊಂಡು, ಒಪ್ಪಿಕೊಂಡಿದ್ದ ಅವಧಿ ಮುಗಿಯಿತೆಂದು ಸೆಪ್ಟೆಂಬರ್ 18ರಂದು ಹೊರಟೇಬಿಟ್ಟರು. ಮರುದಿನವೇ ಅಲ್ಲಿ ದೊಡ್ಡ ಯುದ್ಧ ನಡೆಯಿತು. ಆದರೆ ಅವರ ದಂಡನಾಯಕ ಜಾನ್ ಸ್ಟಾರ್ಕ್ ಅಕ್ಟೋಬರಿನಲ್ಲಿ ಮತ್ತೆ ಜನ ಕೂಡಿಸಿಕೊಂಡು ಬಂದು, ಬ್ರಿಟಿಷರು ಹಿಮ್ಮೆಟ್ಟುವ ದಾರಿಗೇ ಅಡ್ಡ ನಿಂತರು ಎಂಬುದನ್ನು ಹಲವರು ಮರೆಯುತ್ತಾರೆ.

ಈ ಸಿಪಾಯಿ ಮೂಲತಃ ರೈತ. ಬಂದೂಕೂ ಬಹುಮಟ್ಟಿಗೆ ಅವನ ಮನೆಯದೇ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹುಲ್ಲು ಕೊಯ್ದು ಒಣಗಿಸದಿದ್ದರೆ ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಉದ್ದನೆಯ ಚಳಿಗಾಲದಲ್ಲಿ ದನಗಳಿಗೆ ಮೇವಿಲ್ಲ. ಅದರ ಬೆನ್ನಿಗೇ ಮೆಕ್ಕೆಜೋಳದ ಕೊಯ್ಲು ಬರುತ್ತದೆ. ಅವನಿಲ್ಲದಾಗ ಈ ಕೆಲಸವೆಲ್ಲ ಹೆಂಡತಿಯ ಮತ್ತು ಎಳೆಯ ಮಕ್ಕಳ ಹೆಗಲಿಗೆ ಬೀಳುತ್ತಿತ್ತು. ಕೈಗೆ ಬಂದ ಸಂಬಳವೂ ಕಾಗದದ ಹಣ: 1780ರಲ್ಲಿ ಅಮೆರಿಕದ ಪ್ರತಿನಿಧಿಸಭೆಯಾದ ಕಾಂಗ್ರೆಸ್ಸೇ ನಲವತ್ತು ಕಾಗದದ ಡಾಲರಿಗೆ ಒಂದು ಬೆಳ್ಳಿ ಡಾಲರ್ ಎಂದು ದರ ಇಳಿಸಿತು. ಸಾಲದ್ದಕ್ಕೆ, ಶಿಬಿರದಲ್ಲಿ ತಗುಲಿದ ರಕ್ತಭೇದಿ ಸಿಪಾಯಿಯ ಜೊತೆಗೇ ಮನೆ ಸೇರುವ ಭಯವೂ ಇತ್ತು. 1775ರಲ್ಲಿ ಅದು ನ್ಯೂ ಇಂಗ್ಲೆಂಡಿನ ಹಳ್ಳಿಹಳ್ಳಿಗೂ ಹರಡಿತ್ತು. ಇಷ್ಟೆಲ್ಲ ಗೊತ್ತಿದ್ದೂ ಮುಂದಿನ ಕರೆಗೆ ಮತ್ತೆ ಹೊರಟವನನ್ನು ಹೇಡಿಯೆನ್ನಲು ನನಗೆ ಮನಸ್ಸು ಬಾರದು. ನೆಚ್ಚಿಕೊಳ್ಳಲಾಗದ ಪಡೆಯೆಂದು ವಾಷಿಂಗ್ಟನ್ ದೂರಿದ್ದು ನಿಜ, ಸೇನಾಪತಿಯ ಕಷ್ಟವೂ ಸುಳ್ಳಲ್ಲ. ಆದರೆ ಆ ದೂರು ಪಡೆಯ ಕುರಿತದ್ದು, ಅದರೊಳಗಿದ್ದ ಮನುಷ್ಯನ ಧೈರ್ಯವನ್ನು ಅದರಿಂದ ಅಳೆಯಲಾಗದು.

ಇಂಥ ಬಿಡಿ ಬಿಡಿ ಸೇವೆಗೆ ಪಿಂಚಣಿ ದೊರೆತದ್ದು 1832ರ ಕಾಯಿದೆಯಿಂದ. ಅದಕ್ಕೆ ಒಟ್ಟು ಆರು ತಿಂಗಳ ಸೇವೆಯಾದರೂ ಇರಬೇಕಿತ್ತು. ಎಪ್ಪತ್ತು ದಾಟಿದ ಮುದುಕರು ನ್ಯಾಯಾಲಯದಲ್ಲಿ ನಿಂತು, ಯಾವ ವರ್ಷ ಯಾವ ಕ್ಯಾಪ್ಟನ್ನನ ಕೈಕೆಳಗೆ ಎಷ್ಟು ವಾರ ಇದ್ದೆವೆಂದು ನೆನಪಿನಿಂದಲೇ ಒಪ್ಪಿಸಿದರು. 1836ರಿಂದ ವಿಧವೆಯರ ಸರದಿ. ದಾಖಲೆಯಿಲ್ಲದೆ ಸರ್ಕಾರ ಯಾರನ್ನು ನಂಬೀತು? ಮದುವೆಯ ದಿನಾಂಕವನ್ನು ಸಾಬೀತುಪಡಿಸಲು ಕೆಲವು ಹೆಂಗಸರು ಮದುವೆ, ಹುಟ್ಟು, ಸಾವುಗಳನ್ನು ಬರೆದಿಟ್ಟಿದ್ದ ಮನೆಯ ಬೈಬಲಿನ ಹಾಳೆಯನ್ನೇ ಹರಿದು ಅರ್ಜಿಯೊಂದಿಗೆ ಕಳುಹಿಸಿದರು, ಮತ್ತು ಆ ಹಾಳೆಗಳಲ್ಲಿ ಹಲವು ಇಂದಿಗೂ ಪಿಂಚಣಿಯ ಕಡತಗಳಲ್ಲೇ ಉಳಿದಿವೆ.